ಹೊತ್ತು ಮೀರಿದ ಮೇಲೆ ಕಚೇರಿ ಕಂಪ್ಯೂಟರುಗಳಿಂದ ಬಳಕೆದಾರರನ್ನು ತಾನಾಗಿ ಲಾಗ್ ಆಫ್ ಮಾಡಿಸುವುದು: ಸಮಗ್ರ ಮಾರ್ಗದರ್ಶಿ

ಮುಂಬಯಿಯ ಫೋರ್ಟ್ ಭಾಗದ ಹಳೆಯ ಕಟ್ಟಡವೊಂದರ ಮೂರನೆಯ ಮಾಳಿಗೆಯಲ್ಲಿ, ನಗರದ ಹಲವು ಕಡೆ ಹೋಟೆಲುಗಳನ್ನು ನಡೆಸುವ ಕನ್ನಡಿಗರೊಬ್ಬರ ಲೆಕ್ಕಪತ್ರ ಕಚೇರಿಯಿದೆ. ಅಲ್ಲಿನ ನಲವತ್ತು ಚಿಲ್ಲರೆ ಕಂಪ್ಯೂಟರುಗಳನ್ನೂ ಎರಡು ಸರ್ವರುಗಳನ್ನೂ ನೋಡಿಕೊಳ್ಳುವ ಕೆಲಸ ನನ್ನದು. ಸಂಜೆ ಆರೂವರೆಗೆ ಲೋಕಲ್ ರೈಲು ಹಿಡಿಯುವ ಅವಸರದಲ್ಲಿ ಎದ್ದು ಹೋಗುವವರು ಪರದೆಯನ್ನು ಹಾಗೆಯೇ ಬಿಟ್ಟು ಹೋಗುತ್ತಾರೆ. ಅವರು ತೆರೆದಿಟ್ಟ ಎಕ್ಸೆಲ್ ಕಡತ ಸರ್ವರಿನಲ್ಲಿ ಬೀಗ ಹಾಕಿಕೊಂಡು ಕೂರುತ್ತದೆ. ರಾತ್ರಿ ಹತ್ತಕ್ಕೆ ಶುರುವಾಗುವ ಬ್ಯಾಕಪ್ ಆ ಕಡತವನ್ನು ಬಿಟ್ಟು ಮುಂದೆ ಹೋಗುತ್ತದೆ. ಬೆಳಿಗ್ಗೆ ಪಕ್ಕದ ಮೇಜಿನವರಿಗೆ ಅದೇ ಕಡತ ಓದಲು ಮಾತ್ರ ಸಿಗುತ್ತದೆ, ತಿದ್ದಲು ಬರುವುದಿಲ್ಲ. ಇದನ್ನು ಸರಿಪಡಿಸಲು ಹೊರಟಾಗ ನನಗೆ ಮೊದಲು ತಿಳಿದ ಸಂಗತಿಯೆಂದರೆ, ವಿಂಡೋಸಿನಲ್ಲಿ ಈ ಕೆಲಸಕ್ಕೆಂದೇ ಇರುವಂತೆ ಕಾಣುವ ಆಯ್ಕೆಗಳಲ್ಲಿ ಹೆಚ್ಚಿನವು ಈ ಕೆಲಸವನ್ನು ಮಾಡುವುದಿಲ್ಲ. ಹೆಸರು ನೋಡಿ ಆರಿಸಿಕೊಂಡರೆ ಮೋಸಹೋಗುವುದು ಖಂಡಿತ. ಆದ್ದರಿಂದ ಯಾವ ಆಯ್ಕೆ ನಿಜಕ್ಕೂ ಏನು ಮಾಡುತ್ತದೆ ಎಂಬುದನ್ನು ಬಿಡಿಸಿ ಹೇಳುತ್ತಲೇ ಕ್ರಮವನ್ನು ವಿವರಿಸುತ್ತೇನೆ. ಆ್ಯಕ್ಟಿವ್ ಡೈರೆಕ್ಟರಿ ಡೊಮೇನ್ (ಕಚೇರಿಯ ಎಲ್ಲ ಬಳಕೆದಾರರನ್ನೂ ಯಂತ್ರಗಳನ್ನೂ ಒಂದೇ ಕಡೆಯಿಂದ ನಿಯಂತ್ರಿಸುವ ವಿಂಡೋಸಿನ ವ್ಯವಸ್ಥೆ) ಇರುವ ಕಚೇರಿಯನ್ನು ಗಮನದಲ್ಲಿಟ್ಟುಕೊಂಡು ಬರೆದಿದ್ದೇನೆ; ಡೊಮೇನ್ ಇಲ್ಲದವರಿಗೆ ಕೊನೆಯಲ್ಲಿ ನಾಲ್ಕು ಮಾತಿದೆ.

ಬೀಗವೋ, ಲಾಗ್ ಆಫೋ, ಮರುಚಾಲನೆಯೋ

ಪರದೆಗೆ ಬೀಗ ಹಾಕುವುದು, ಬಳಕೆದಾರನನ್ನು ಲಾಗ್ ಆಫ್ ಮಾಡಿಸುವುದು, ಯಂತ್ರವನ್ನೇ ಮರುಚಾಲನೆ ಮಾಡುವುದು, ಈ ಮೂರನ್ನೂ ಜನ ಒಂದೇ ಎಂಬಂತೆ ಮಾತಾಡುತ್ತಾರೆ. ಪರದೆಗೆ ಬೀಗ ಬಿದ್ದರೆ ಬೇರೆಯವರ ಕಣ್ಣಿನಿಂದ ಮಾಹಿತಿ ಉಳಿಯುತ್ತದೆ, ಆದರೆ ತೆರೆದ ಕಡತಗಳು ತೆರೆದೇ ಇರುತ್ತವೆ. ಲಾಗ್ ಆಫ್ ಆದರೆ ಆ ಬಳಕೆದಾರನ ಎಲ್ಲ ತಂತ್ರಾಂಶಗಳೂ ಮುಚ್ಚಿ ಸರ್ವರಿನ ಕಡತಗಳು ಬಿಡುಗಡೆಯಾಗುತ್ತವೆ, ಉಳಿಸದೆ ಬಿಟ್ಟ ಕೆಲಸ ಮಾತ್ರ ಹೋಗುತ್ತದೆ. ಮರುಚಾಲನೆ ಇದರ ಮೇಲೆ ಇನ್ನೊಂದು ಹೆಜ್ಜೆ. ಬಾಕಿಯಿರುವ ವಿಂಡೋಸ್ ಅಪ್‌ಡೇಟುಗಳು ಅದರ ಜೊತೆಯಲ್ಲೇ ಮುಗಿಯುತ್ತವೆ.

ನಿಮ್ಮ ತೊಂದರೆ ಗೋಪ್ಯತೆಯದು ಮಾತ್ರವಾಗಿದ್ದರೆ ಲಾಗ್ ಆಫ್ ಬೇಕಾಗಿಯೇ ಇಲ್ಲ. ಗ್ರೂಪ್ ಪಾಲಿಸಿಯ (ಡೊಮೇನಿನ ಯಂತ್ರಗಳಿಗೆ ಒಂದೇ ಕಡೆಯಿಂದ ನಿಯಮ ಹೇರುವ ಸಾಧನ) ಸೆಕ್ಯುರಿಟಿ ಆಪ್ಷನ್ಸ್ ವಿಭಾಗದಲ್ಲಿ ‘ಇಂಟರ್‌ಆ್ಯಕ್ಟಿವ್ ಲಾಗಾನ್: ಮಷೀನ್ ಇನ್‌ಆ್ಯಕ್ಟಿವಿಟಿ ಲಿಮಿಟ್’ ಎಂಬಲ್ಲಿ 900 ಸೆಕೆಂಡು ಎಂದು ಬರೆದರೆ, ಹದಿನೈದು ನಿಮಿಷ ಕೀಲಿಮಣೆಯನ್ನಾಗಲಿ ಮೌಸನ್ನಾಗಲಿ ಮುಟ್ಟದ ಯಂತ್ರಕ್ಕೆ ತಾನಾಗಿ ಬೀಗ ಬೀಳುತ್ತದೆ. ಇದನ್ನು ಹೇಗೂ ಮಾಡಿಡಿ. ಕಡತ, ಬ್ಯಾಕಪ್, ಅಪ್‌ಡೇಟುಗಳ ತೊಂದರೆಯೂ ಇದ್ದರೆ ಮುಂದೆ ಓದಿ.

ಮೊದಲ ಹಂತ: ಯಾರಿಗೆ, ಎಷ್ಟು ಹೊತ್ತಿಗೆ

ಕಂಪ್ಯೂಟರನ್ನು ಮುಟ್ಟುವ ಮುನ್ನ ಒಂದು ಹಾಳೆಯಲ್ಲಿ ಪಟ್ಟಿ ಮಾಡಬೇಕು. ನಮ್ಮ ಕಚೇರಿಯಲ್ಲಿ ಬಹುಪಾಲು ಜನ ಸಂಜೆ ಏಳರೊಳಗೆ ಹೊರಡುತ್ತಾರಾದರೂ, ಹೋಟೆಲುಗಳ ದಿನದ ಗಲ್ಲಾ ಲೆಕ್ಕವನ್ನು ದಾಖಲಿಸುವ ಇಬ್ಬರು ಕೆಲಸ ಶುರುಮಾಡುವುದೇ ರಾತ್ರಿ ಹನ್ನೊಂದರ ಮೇಲೆ, ಹೋಟೆಲಿನ ಬಾಗಿಲು ಎಳೆದ ನಂತರ. ಎಲ್ಲರಿಗೂ ಎಂಟು ಗಂಟೆ ಎಂದು ಗೆರೆ ಎಳೆದಿದ್ದರೆ ಮೊದಲ ರಾತ್ರಿಯೇ ಮಾಲೀಕರಿಂದ ಫೋನು ಬರುತ್ತಿತ್ತು. ಹಾಗೆಯೇ ಕ್ಯಾಲೆಂಡರನ್ನೂ ನೋಡಿ: ತಿಂಗಳಿಗೊಮ್ಮೆ ಜಿಎಸ್‌ಟಿ ಸಲ್ಲಿಸುವವರಿಗೆ ಜಿಎಸ್‌ಟಿಆರ್-1ಕ್ಕೆ 11ನೇ ತಾರೀಖು, ಜಿಎಸ್‌ಟಿಆರ್-3ಬಿಗೆ 20ನೇ ತಾರೀಖು ಗಡುವು, ಆ ದಿನಗಳಲ್ಲಿ, ಮಾರ್ಚ್ 31ರ ಆಸುಪಾಸಿನಲ್ಲಿ ಲೆಕ್ಕ ಬರೆಯುವವರು ಎಷ್ಟು ಹೊತ್ತಿಗೆ ಏಳುತ್ತಾರೆಂದು ಅವರಿಗೇ ಗೊತ್ತಿರುವುದಿಲ್ಲ.

ಪಟ್ಟಿಯಿಂದ ಸಂಪೂರ್ಣವಾಗಿ ಹೊರಗಿಡಬೇಕಾದವು ಕೆಲವಿವೆ. ಬ್ಯಾಕಪ್ ತಂತ್ರಾಂಶ ಓಡುವ ಸರ್ವಿಸ್ ಖಾತೆ, ಆಡಳಿತಾಧಿಕಾರಿಯ ಖಾತೆಗಳು, ಕಾವಲುಗಾರರ ಬಳಿಯ ಸಿಸಿಟಿವಿ ಕಂಪ್ಯೂಟರ್, ಎಲ್ಲ ಸರ್ವರುಗಳು. ಬ್ಯಾಕಪ್ ಸುಗಮವಾಗಲೆಂದು ನಿಯಮ ತಂದು, ಬ್ಯಾಕಪ್ಪಿನ ಖಾತೆಯನ್ನೇ ರಾತ್ರಿ ಹೊರಗೆ ನಿಲ್ಲಿಸುವುದು ನಗೆಪಾಟಲಿನ ಸಂಗತಿ; ಆದರೂ ಎಲ್ಲ ಖಾತೆಗಳನ್ನು ಒಟ್ಟಿಗೆ ಆರಿಸಿ ಬದಲಿಸುವ ಉತ್ಸಾಹದಲ್ಲಿ ಹಾಗಾಗುವುದು ಸುಲಭ.

ಎರಡನೆಯ ಹಂತ: ಒಳಬರುವ ಬಾಗಿಲು

ಆ್ಯಕ್ಟಿವ್ ಡೈರೆಕ್ಟರಿ ಯೂಸರ್ಸ್ ಆ್ಯಂಡ್ ಕಂಪ್ಯೂಟರ್ಸ್ ತೆರೆದು, ಬಳಕೆದಾರನ ಪ್ರಾಪರ್ಟೀಸ್‌ನಲ್ಲಿ ಅಕೌಂಟ್ ಎಂಬ ಹಾಳೆಗೆ ಹೋದರೆ ‘ಲಾಗಾನ್ ಅವರ್ಸ್’ ಎಂಬ ಗುಂಡಿ ಇದೆ. ಅದನ್ನು ಒತ್ತಿದರೆ ವಾರದ ಏಳು ದಿನ, ದಿನದ 24 ಗಂಟೆ, ಒಟ್ಟು 168 ಚೌಕಗಳ ಕೋಷ್ಟಕ ಕಾಣುತ್ತದೆ. ನೀಲಿ ಚೌಕದ ಹೊತ್ತಿನಲ್ಲಿ ಲಾಗಿನ್ ಆಗಬಹುದು, ಬಿಳಿಯಲ್ಲಿ ಆಗುವಂತಿಲ್ಲ. ಹಲವು ಬಳಕೆದಾರರನ್ನು ಒಟ್ಟಿಗೆ ಆರಿಸಿಕೊಂಡೂ ಇದನ್ನು ಬದಲಿಸಬಹುದು.

ಇದರ ಬಗ್ಗೆ ಎರಡು ಮಾತು ಒತ್ತಿ ಹೇಳಬೇಕು. ಮೊದಲನೆಯದು, ಈ ಕೋಷ್ಟಕ ಹೊಸದಾಗಿ ಒಳಬರುವವರನ್ನು ತಡೆಯುತ್ತದೆಯೇ ಹೊರತು ಈಗಾಗಲೇ ಒಳಗೆ ಕೂತವರನ್ನು ತಾನಾಗಿ ಎಬ್ಬಿಸುವುದಿಲ್ಲ. ಸಂಜೆ ನಾಲ್ಕಕ್ಕೆ ಲಾಗಿನ್ ಆದವನು ಮಧ್ಯರಾತ್ರಿಯವರೆಗೂ ಆರಾಮವಾಗಿ ಕೆಲಸ ಮಾಡಬಹುದು. ಈ ವಿಷಯದಲ್ಲಿ ಬಹುಜನ ಎಡವುವುದು ಇಲ್ಲಿಯೇ.

ಎರಡನೆಯದು ನಮ್ಮ ದೇಶದವರಿಗೆ ವಿಶೇಷವಾಗಿ ಅನ್ವಯಿಸುವಂಥದು. ಈ ಕೋಷ್ಟಕ ಡೈರೆಕ್ಟರಿಯಲ್ಲಿ 21 ಬೈಟುಗಳಾಗಿ, ಗಂಟೆಗೊಂದು ಬಿಟ್ಟಿನಂತೆ ಶೇಖರವಾಗುತ್ತದೆ, ಮತ್ತು ಆ ಗಂಟೆಗಳು ವಿಶ್ವ ಸಮಯದ ಗಂಟೆಗಳು. ಭಾರತದ ಸಮಯ ಅದಕ್ಕಿಂತ ಐದೂವರೆ ಗಂಟೆ ಮುಂದಿರುವುದರಿಂದ, ನಮ್ಮ ರಾತ್ರಿ 8 ಗಂಟೆಯೆಂಬುದು ಅಲ್ಲಿ ಮಧ್ಯಾಹ್ನ 2:30, ಅಂದರೆ ಒಂದು ಬಿಟ್ಟಿನ ನಟ್ಟನಡುವೆ ಬೀಳುತ್ತದೆ. ಬಿಟ್ಟನ್ನು ಅರ್ಧಕ್ಕೆ ಕತ್ತರಿಸಲು ಬರುವುದಿಲ್ಲವಾದ್ದರಿಂದ ನಿಜವಾದ ಗಡಿ 7:30ಕ್ಕೋ 8:30ಕ್ಕೋ ನಿಲ್ಲಬೇಕು. ಪರದೆಯ ಮೇಲೆ ಎಂಟಕ್ಕೆ ಗೆರೆ ಎಳೆದು ಎಂಟಕ್ಕೇ ಬಾಗಿಲು ಮುಚ್ಚುತ್ತದೆಂದು ನಂಬಬೇಡಿ. ಪರೀಕ್ಷೆಗೆಂದು ಒಂದು ಖಾತೆ ಮಾಡಿಕೊಂಡು, 7:35ಕ್ಕೆ, 8:05ಕ್ಕೆ, 8:35ಕ್ಕೆ ಲಾಗಿನ್ ಆಗಲು ಪ್ರಯತ್ನಿಸಿ ಗಡಿ ಎಲ್ಲಿದೆಯೆಂದು ಕಣ್ಣಾರೆ ಕಂಡುಕೊಳ್ಳಿ, ಮುಂದಿನ ಎಲ್ಲ ಹಂತಗಳ ವೇಳೆಯನ್ನೂ ಆ ಗಡಿಗೆ ಹೊಂದಿಸಿ. ಬರೆದಿಟ್ಟುಕೊಳ್ಳುವುದು ಒಳ್ಳೆಯದು, ಆರು ತಿಂಗಳ ನಂತರ ಯಾಕೆ ಹೀಗೆ ಮಾಡಿದೆವೆಂದು ನಿಮಗೇ ಮರೆತಿರುತ್ತದೆ.

ಮೂರನೆಯ ಹಂತ: ಗ್ರೂಪ್ ಪಾಲಿಸಿಯ ಎರಡು ಆಯ್ಕೆಗಳು

ಸೆಕ್ಯುರಿಟಿ ಆಪ್ಷನ್ಸ್ ವಿಭಾಗದಲ್ಲಿ ‘ನೆಟ್‌ವರ್ಕ್ ಸೆಕ್ಯುರಿಟಿ: ಫೋರ್ಸ್ ಲಾಗಾಫ್ ವೆನ್ ಲಾಗಾನ್ ಅವರ್ಸ್ ಎಕ್ಸ್‌ಪೈರ್’ ಎಂಬ ಆಯ್ಕೆಯಿದೆ. ಹೆಸರಿನ ಪ್ರಕಾರ ನಮಗೆ ಬೇಕಾದದ್ದು ಇದೇ ಅನ್ನಿಸುತ್ತದೆ. ಆದರೆ ಇದು ಕಡಿಯುವುದು ಫೈಲ್ ಸರ್ವರಿನೊಂದಿಗಿನ, ಕಡತಗಳನ್ನು ಹಂಚಿಕೊಳ್ಳುವ ಎಸ್‌ಎಂಬಿ ಸಂಪರ್ಕವನ್ನು ಮಾತ್ರ. ಬಳಕೆದಾರ ತನ್ನ ಮೇಜಿನ ಮುಂದಿನ ಯಂತ್ರದಲ್ಲಿ ಲಾಗಿನ್ ಆಗಿಯೇ ಇರುತ್ತಾನೆ. ಇದನ್ನು ಡೊಮೇನಿನ ಖಾತೆಗಳಿಗೆ ಅನ್ವಯಿಸಬೇಕಾದರೆ ಡಿಫಾಲ್ಟ್ ಡೊಮೇನ್ ಪಾಲಿಸಿಯಲ್ಲೇ ಬರೆಯಬೇಕು, ಯಾವುದೋ ಒಂದು ಘಟಕದ (ಆರ್ಗನೈಸೇಷನಲ್ ಯೂನಿಟ್) ಪಾಲಿಸಿಯಲ್ಲಿ ಬರೆದರೆ ಪ್ರಯೋಜನವಿಲ್ಲ. ಕಡತಗಳ ಬೀಗ ಬಿಡಿಸುವುದಷ್ಟೇ ಉದ್ದೇಶವಾದರೆ ಇದು ಉಪಯುಕ್ತ. ಆದರೆ ಕೆಲಸ ನಡೆದಿರುವಾಗಲೇ ಕಡತದ ಸಂಪರ್ಕ ಹೋದರೆ ಎಕ್ಸೆಲ್ ಏನು ಮಾಡುತ್ತದೆಂದು ಊಹಿಸಿಕೊಳ್ಳಿ.

ನಮಗೆ ಬೇಕಾದ ಆಯ್ಕೆ ಇನ್ನೊಂದು ಮೂಲೆಯಲ್ಲಿದೆ. ಯೂಸರ್ ಕಾನ್ಫಿಗರೇಷನ್, ಅಡ್ಮಿನಿಸ್ಟ್ರೇಟಿವ್ ಟೆಂಪ್ಲೇಟ್ಸ್, ವಿಂಡೋಸ್ ಕಾಂಪೊನೆಂಟ್ಸ್, ವಿಂಡೋಸ್ ಲಾಗಾನ್ ಆಪ್ಷನ್ಸ್ ಎಂಬ ದಾರಿಯಲ್ಲಿ ಹೋದರೆ ‘ಸೆಟ್ ಆ್ಯಕ್ಷನ್ ಟು ಟೇಕ್ ವೆನ್ ಲಾಗಾನ್ ಅವರ್ಸ್ ಎಕ್ಸ್‌ಪೈರ್’ ಎಂಬುದು ಸಿಗುತ್ತದೆ. ಇದನ್ನು ಎನೇಬಲ್ ಮಾಡಿದರೆ ಲಾಕ್, ಡಿಸ್ಕನೆಕ್ಟ್, ಲಾಗಾಫ್ ಎಂಬ ಮೂರರಲ್ಲಿ ಒಂದನ್ನು ಆರಿಸಬಹುದು. ಲಾಗಾಫ್ ಆರಿಸಿದರೆ, ಕೋಷ್ಟಕದ ಹೊತ್ತು ಮುಗಿದ ಕೂಡಲೇ ಬಳಕೆದಾರ ಹೊರಬೀಳುತ್ತಾನೆ ಮತ್ತು ಮುಂದಿನ ನೀಲಿ ಚೌಕದವರೆಗೆ ಒಳಬರಲಾರ. ಹೊತ್ತು ಮುಗಿಯುವ ಮುನ್ನ ಅವನಿಗೆ ಎಚ್ಚರಿಕೆಯೂ ಕಾಣುತ್ತದೆ. ಪಕ್ಕದಲ್ಲೇ ಇರುವ, ಆ ಎಚ್ಚರಿಕೆಯನ್ನು ತೆಗೆದುಹಾಕುವ ಆಯ್ಕೆಯನ್ನು ದಯವಿಟ್ಟು ಮುಟ್ಟಬೇಡಿ.

ಪಾಲಿಸಿಯನ್ನು ಒಂದು ಗುಂಪಿಗೆ ಮಾತ್ರ ಅನ್ವಯಿಸಲು ಸೆಕ್ಯುರಿಟಿ ಫಿಲ್ಟರಿಂಗ್ ಬಳಸುವವರು ಒಂದು ವಿಷಯ ಗಮನಿಸಬೇಕು. 2016ರ ಜೂನ್ ತಿಂಗಳ ಭದ್ರತಾ ಅಪ್‌ಡೇಟಿನ ನಂತರ, ಬಳಕೆದಾರರಿಗೆ ಸಂಬಂಧಿಸಿದ ಪಾಲಿಸಿಯನ್ನೂ ಕಂಪ್ಯೂಟರಿನ ಖಾತೆಯೇ ಓದಿ ತರುತ್ತದೆ. ಆದ್ದರಿಂದ ಪಟ್ಟಿಯಿಂದ ಆಥೆಂಟಿಕೇಟೆಡ್ ಯೂಸರ್ಸ್ ಎಂಬುದನ್ನು ತೆಗೆದರೆ, ಡೆಲಿಗೇಷನ್ ಹಾಳೆಯಲ್ಲಿ ಅದಕ್ಕೋ ಡೊಮೇನ್ ಕಂಪ್ಯೂಟರ್ಸ್ ಗುಂಪಿಗೋ ಓದುವ ಅನುಮತಿಯನ್ನು ಮರಳಿ ಕೊಡಬೇಕು. ಇಲ್ಲದಿದ್ದರೆ ಎಲ್ಲವೂ ಸರಿಯಾಗಿ ಕಾಣುತ್ತದೆ, ಪಾಲಿಸಿ ಮಾತ್ರ ತಲುಪುವುದಿಲ್ಲ.

ಪಾಲಿಸಿ ಬರೆದ ತಕ್ಷಣ ಎಲ್ಲ ಯಂತ್ರಗಳಿಗೂ ಹೋಗುವುದಿಲ್ಲ. ಸಾಮಾನ್ಯವಾಗಿ 90 ನಿಮಿಷಕ್ಕೊಮ್ಮೆ, ಅದರ ಮೇಲೆ 30 ನಿಮಿಷದವರೆಗಿನ ಹೆಚ್ಚುವರಿ ಅಂತರದಲ್ಲಿ ಹೋಗುತ್ತದೆ. ಪರೀಕ್ಷೆಯ ಯಂತ್ರದಲ್ಲಿ, ಪಾಲಿಸಿಯನ್ನು ಕೂಡಲೇ ತರಿಸುವ ಜಿಪಿಅಪ್‌ಡೇಟ್ ಆದೇಶ ಕೊಟ್ಟು, ಜಿಪಿರಿಸಲ್ಟ್ ಆದೇಶದಿಂದ ಪಾಲಿಸಿ ಬಂದಿದೆಯೇ ಎಂದು ನೋಡಿಕೊಳ್ಳಿ.

ನಾಲ್ಕನೆಯ ಹಂತ: ಟಾಸ್ಕ್ ಶೆಡ್ಯೂಲರ್

ಮೇಲಿನ ಕ್ರಮ ಕೋಷ್ಟಕಕ್ಕೆ ಕಟ್ಟುಬಿದ್ದಿದೆ. ಅರ್ಧ ಗಂಟೆಯ ಗೊಂದಲ ಬೇಡ, ಒಳಬರುವುದನ್ನು ತಡೆಯುವುದೂ ಬೇಡ, ಇಂಥ ಹೊತ್ತಿಗೆ ಒಮ್ಮೆ ಎಲ್ಲರೂ ಹೊರಗೆ ಬಂದರೆ ಸಾಕು ಎನ್ನುವವರಿಗೆ ನಿಗದಿತ ಕೆಲಸವೇ (ಹೇಳಿದ ಹೊತ್ತಿಗೆ ತಾನಾಗಿ ಓಡುವ ಆದೇಶ) ಸೂಕ್ತ. ನಾನು ಕೊನೆಗೆ ಉಳಿಸಿಕೊಂಡಿದ್ದೂ ಇದನ್ನೇ.

ಗ್ರೂಪ್ ಪಾಲಿಸಿಯ ಕಂಪ್ಯೂಟರ್ ಕಾನ್ಫಿಗರೇಷನ್ ಅಡಿಯಲ್ಲಿ ಪ್ರಿಫರೆನ್ಸಸ್, ಕಂಟ್ರೋಲ್ ಪ್ಯಾನಲ್ ಸೆಟ್ಟಿಂಗ್ಸ್, ಶೆಡ್ಯೂಲ್ಡ್ ಟಾಸ್ಕ್ಸ್ ಎಂಬಲ್ಲಿ ಹೊಸ ಕೆಲಸವೊಂದನ್ನು ಸೃಷ್ಟಿಸಿ, ಅದು ಸಿಸ್ಟಮ್ ಖಾತೆಯಲ್ಲಿ (ವಿಂಡೋಸ್ ತನಗೆಂದೇ ಇಟ್ಟುಕೊಂಡ ಖಾತೆ) ಪ್ರತಿದಿನ ರಾತ್ರಿ 8:30ಕ್ಕೆ ಓಡುವಂತೆ ಮಾಡಿ. ಸಿಸ್ಟಮ್ ಖಾತೆಯದಾದರೆ ಸಾಮಾನ್ಯ ಬಳಕೆದಾರ ಅದನ್ನು ಅಳಿಸಲಾರ. ಶಟ್‌ಡೌನ್ ಆದೇಶವನ್ನು ಓರೆಗೀಟು ಎಲ್ (/l) ಎಂಬ ಸೂಚನೆಯೊಂದಿಗೆ ಕೊಟ್ಟರೆ ಲಾಗ್ ಆಫ್ ಆಗುತ್ತದೆಂದು ಹಲವರಿಗೆ ಗೊತ್ತು. ಆದರೆ ಅದು ಆ ಆದೇಶವನ್ನು ಕೊಟ್ಟ ಖಾತೆಯನ್ನೇ ಲಾಗ್ ಆಫ್ ಮಾಡುತ್ತದೆ, ಅದೂ ಆ ಕ್ಷಣದಲ್ಲೇ, ಕಾಯುವ ಅವಧಿಯನ್ನು ಅದಕ್ಕೆ ಸೇರಿಸಲಾಗದು. ಸಿಸ್ಟಮ್ ಖಾತೆಯಿಂದ ಕೊಟ್ಟರೆ ಮೇಜಿನ ಮುಂದೆ ಕೂತವನಿಗೆ ಏನೂ ಆಗುವುದಿಲ್ಲ.

ಅದರ ಬದಲು ಒಂದು ಚಿಕ್ಕ ಪವರ್‌ಶೆಲ್ ಲಿಪಿ (ಸ್ಕ್ರಿಪ್ಟ್, ಅಂದರೆ ಆದೇಶಗಳನ್ನು ಸಾಲಾಗಿ ಬರೆದಿಟ್ಟ ಕಡತ) ಬರೆಯಿರಿ. ಕ್ವೆರಿ ಯೂಸರ್ ಆದೇಶ ಆ ಯಂತ್ರದ ಎಲ್ಲ ಸೆಷನ್ನುಗಳ (ಒಬ್ಬ ಬಳಕೆದಾರನ ಲಾಗಿನ್‌ನಿಂದ ಲಾಗ್ ಆಫ್‌ವರೆಗಿನ ಬಳಕೆ) ಪಟ್ಟಿಯನ್ನು ಕೊಡುತ್ತದೆ: ಬಳಕೆದಾರನ ಹೆಸರು, ಸೆಷನ್ನಿನ ಹೆಸರು, ಸಂಖ್ಯೆ, ಸ್ಥಿತಿ, ಎಷ್ಟು ಹೊತ್ತಿನಿಂದ ಸುಮ್ಮನಿದೆ, ಯಾವಾಗ ಲಾಗಿನ್ ಆಯಿತು. ಪ್ರತಿ ಸಾಲಿನಿಂದ ಸೆಷನ್ ಸಂಖ್ಯೆಯನ್ನು ತೆಗೆದು ಲಾಗಾಫ್ ಆದೇಶಕ್ಕೆ ಕೊಟ್ಟರೆ ಆ ಸೆಷನ್ ಮುಗಿಯುತ್ತದೆ. ಇಲ್ಲೊಂದು ಗುಂಡಿಯಿದೆ, ನಾನೂ ಬಿದ್ದಿದ್ದೆ. ‘ಸ್ವಿಚ್ ಯೂಸರ್’ ಒತ್ತಿ ಬೇರೊಬ್ಬರು ಲಾಗಿನ್ ಆದಾಗ ಹಿಂದಿನವರ ಸೆಷನ್ ಡಿಸ್ಕನೆಕ್ಟ್ ಸ್ಥಿತಿಗೆ ಹೋಗುತ್ತದೆ, ಆಗ ಅದರ ಸೆಷನ್ ಹೆಸರಿನ ಜಾಗ ಖಾಲಿಯಿರುತ್ತದೆ. ಸಾಲನ್ನು ಖಾಲಿ ಜಾಗಗಳಲ್ಲಿ ಕತ್ತರಿಸಿ ಮೂರನೆಯ ಪದವೇ ಸಂಖ್ಯೆಯೆಂದು ಲಿಪಿ ಬರೆದಿದ್ದರೆ, ಅಂಥ ಸಾಲಿನಲ್ಲಿ ಮೂರನೆಯದಾಗಿ ಸಿಗುವುದು ಸಂಖ್ಯೆಯಲ್ಲ, ಸ್ಥಿತಿ. ಕಡತಕ್ಕೆ ಬೀಗ ಹಾಕಿಕೊಂಡು ಕೂತಿರುವುದು ಬಹಳ ಸಲ ಇಂಥ ಮರೆತುಹೋದ ಸೆಷನ್ನೇ ಆಗಿರುವುದರಿಂದ, ಅದನ್ನೇ ಬಿಟ್ಟು ಮುಂದೆ ಹೋಗುವ ಲಿಪಿಯಿಂದ ಉಪಯೋಗವಿಲ್ಲ. ಹೆಸರಿನ ನಂತರ ಬರುವ, ಬರಿಯ ಅಂಕಿಗಳಿರುವ ಮೊದಲ ಪದವನ್ನು ಹುಡುಕುವಂತೆ ಬರೆದರೆ ಎರಡೂ ಬಗೆಯ ಸಾಲುಗಳು ಸರಿಯಾಗಿ ಸಿಗುತ್ತವೆ.

ಇನ್ನು ಕೆಲಸದ ಸೆಟ್ಟಿಂಗುಗಳು. ನಿಗದಿತ ಹೊತ್ತು ತಪ್ಪಿದರೆ ಆದಷ್ಟು ಬೇಗ ಓಡಿಸು ಎಂಬ ಅರ್ಥದ ಆಯ್ಕೆಯೊಂದಿದೆ. ಹಿಂದೊಮ್ಮೆ, ಬೇರೊಂದು ಕಡೆ ಕೆಲಸ ಮಾಡುತ್ತಿದ್ದಾಗ, ಒಳ್ಳೆಯದೇ ಇರಬಹುದೆಂದು ನಾನು ಅದಕ್ಕೆ ಗುರುತು ಹಾಕಿದ್ದೆ. ವಾರಾಂತ್ಯದಲ್ಲಿ ಯಂತ್ರಗಳನ್ನು ಆಫ್ ಮಾಡಿ ಹೋಗಿದ್ದರು. ಸೋಮವಾರ ಬೆಳಿಗ್ಗೆ ಎಲ್ಲರೂ ಬಂದು, ಯಂತ್ರ ಹಚ್ಚಿ, ಮೊದಲ ಚಹಾ ಮುಗಿಸುವಷ್ಟರಲ್ಲಿ ಭಾನುವಾರ ರಾತ್ರಿ ತಪ್ಪಿಹೋಗಿದ್ದ ಲಾಗ್ ಆಫ್ ತನ್ನ ಕರ್ತವ್ಯವನ್ನು ನೆನಪಿಸಿಕೊಂಡು ಇಡೀ ಮಹಡಿಯನ್ನು ಹೊರಗೆ ಹಾಕಿತು. ಆ ಗುರುತನ್ನು ತೆಗೆಯಿರಿ. ಅದು ಸಾಲದೆಂಬಂತೆ, ಲಿಪಿಯ ಮೊದಲ ಸಾಲಿನಲ್ಲೇ ಈಗಿನ ಹೊತ್ತು ರಾತ್ರಿ 8:30ರಿಂದ 9ರ ಒಳಗಿಲ್ಲದಿದ್ದರೆ ಏನೂ ಮಾಡದೆ ನಿಲ್ಲಬೇಕೆಂದೂ ಬರೆದಿಡಿ.

ಲ್ಯಾಪ್‌ಟಾಪುಗಳಿಗೆ ಇನ್ನೊಂದು ಎಚ್ಚರಿಕೆ. ಕಂಡಿಷನ್ಸ್ ಹಾಳೆಯಲ್ಲಿ, ವಿದ್ಯುತ್ ಸಂಪರ್ಕವಿದ್ದಾಗ ಮಾತ್ರ ಓಡಿಸು ಎಂಬ ಗುರುತು ಸಾಮಾನ್ಯವಾಗಿ ಮೊದಲೇ ಇರುತ್ತದೆ. ತೆಗೆಯದಿದ್ದರೆ ಬ್ಯಾಟರಿಯಲ್ಲಿರುವ ಲ್ಯಾಪ್‌ಟಾಪಿನಲ್ಲಿ ಕೆಲಸ ಓಡುವುದೇ ಇಲ್ಲ.

ವಾರಕ್ಕೊಮ್ಮೆ, ಶನಿವಾರ ರಾತ್ರಿ, ಲಾಗ್ ಆಫ್ ಬದಲು ಮರುಚಾಲನೆ ಮಾಡಿಸುವುದು ಒಳ್ಳೆಯದು. ಅದಕ್ಕೆ ಶಟ್‌ಡೌನ್ ಆದೇಶದಲ್ಲಿ ಕಾಯುವ ಅವಧಿಯನ್ನು 600 ಸೆಕೆಂಡು ಎಂದು ಕೊಟ್ಟು, 512 ಅಕ್ಷರ ಮೀರದ ಸಂದೇಶವನ್ನೂ ಸೇರಿಸಬಹುದು.

ಐದನೆಯ ಹಂತ: ಮುನ್ನೆಚ್ಚರಿಕೆಯ ಸಂದೇಶ

ಇದನ್ನು ಶಿಷ್ಟಾಚಾರವೆಂದು ಕಡೆಗಣಿಸಬೇಡಿ. ಲಾಗಾಫ್ ಆದೇಶ ಉಳಿಸಬೇಕೇ ಎಂದು ಕೇಳುತ್ತಾ ಕೂರುವುದಿಲ್ಲ. ವರ್ಡ್ ಮತ್ತು ಎಕ್ಸೆಲ್‌ಗಳ ಆಟೊರಿಕವರ್ ಸಾಮಾನ್ಯವಾಗಿ ಹತ್ತು ನಿಮಿಷಕ್ಕೊಮ್ಮೆ ಉಳಿಸುವುದರಿಂದ ಅವುಗಳಲ್ಲಿ ನಷ್ಟ ಸ್ವಲ್ಪವೇ ಆದೀತು. ಟ್ಯಾಲಿಯಂಥ ಲೆಕ್ಕದ ತಂತ್ರಾಂಶ ಹಂಚಿಕೆಯ ಫೋಲ್ಡರಿನಲ್ಲಿ ದಾಖಲೆ ಬರೆಯುತ್ತಿರುವಾಗ ಕತ್ತು ಹಿಸುಕಿದರೆ ಹಾಗಲ್ಲ, ದಾಖಲೆಯೇ ಕೆಡುವ ಭಯವಿದೆ. ಹೀಗಾಗಿ ಲೆಕ್ಕ ಬರೆಯುವವರ ಯಂತ್ರಗಳಲ್ಲಿ, ಟ್ಯಾಲಿ ಓಡುತ್ತಿದೆಯೇ ಎಂದು ಲಿಪಿ ಮೊದಲು ನೋಡುತ್ತದೆ. ಓಡುತ್ತಿದ್ದರೆ ಲಾಗ್ ಆಫ್ ಮಾಡದೆ ನನಗೊಂದು ಮೇಲ್ ಕಳಿಸುತ್ತದೆ. ಮರುದಿನ ಆ ವ್ಯಕ್ತಿಯ ಬಳಿ ಹೋಗಿ ಬಾಯಿಮಾತಿನಲ್ಲಿ ಹೇಳುವುದು ಯಾವ ಪಾಲಿಸಿಗಿಂತಲೂ ಬೇಗ ಫಲ ಕೊಟ್ಟಿದೆ.

ಸಂದೇಶ ಕಳಿಸಲು ಎಂಎಸ್‌ಜಿ ಆದೇಶ ಸಾಕು. 8:15ಕ್ಕೆ ಒಂದು, 8:25ಕ್ಕೆ ಇನ್ನೊಂದು. ಸಂದೇಶದಲ್ಲಿ ಏನಾಗಲಿದೆ, ಎಷ್ಟು ಹೊತ್ತಿಗೆ, ಬೇಡವಾದರೆ ಯಾರಿಗೆ ಹೇಳಬೇಕು ಎಂಬ ಮೂರೂ ಇರಲಿ. ನಮ್ಮಲ್ಲಿ ಕನ್ನಡ, ಮರಾಠಿ, ಹಿಂದಿ ಮೂರರಲ್ಲೂ ಬರೆಯಬೇಕಾಯಿತು, ಏಕೆಂದರೆ ಕುಂದಾಪುರದ ಕಡೆಯವರ ಪಕ್ಕದಲ್ಲೇ ಡೊಂಬಿವಲಿಯ ಮರಾಠಿಗರೂ ಕೂರುತ್ತಾರೆ. ಅಕ್ಷರಗಳ ಬದಲು ಅರ್ಥವಿಲ್ಲದ ಚಿಹ್ನೆಗಳ ಸಾಲು ಕಂಡರೆ ಕಡತವನ್ನು ಉಳಿಸಿದ ರೀತಿಯನ್ನು ನೋಡಿ: ವಿಂಡೋಸ್ ಪವರ್‌ಶೆಲ್ 5.1, ಬಿಒಎಂ (ಕಡತದ ಮೊದಲಲ್ಲೇ ಅದರ ಅಕ್ಷರ ಸಂಕೇತ ಯಾವುದೆಂದು ಹೇಳುವ ಗುರುತು) ಇಲ್ಲದ ಯುಟಿಎಫ್-8 (ಎಲ್ಲ ಭಾಷೆಗಳ ಅಕ್ಷರಗಳಿಗೂ ಒದಗುವ ಸಂಕೇತ) ಕಡತವನ್ನು ಹಳೆಯ ಸಂಕೇತವೆಂದೇ ಓದುತ್ತದೆ. ಬಿಒಎಂ ಸಹಿತ ಉಳಿಸಿ, ಒಂದು ಯಂತ್ರದಲ್ಲಿ ನೋಡಿ, ಆಮೇಲೆ ಹಂಚಿ.

ಆರನೆಯ ಹಂತ: ತಡೆಹಿಡಿಯುವ ದಾರಿ

ವಿನಾಯಿತಿಗೆಂದು ಒಂದು ಸೆಕ್ಯುರಿಟಿ ಗುಂಪು ಮಾಡಿ, ಪಾಲಿಸಿಯ ಡೆಲಿಗೇಷನ್ ಹಾಳೆಯಲ್ಲಿ ಆ ಗುಂಪಿಗೆ ಅಪ್ಲೈ ಗ್ರೂಪ್ ಪಾಲಿಸಿ ಎಂಬುದನ್ನು ಡಿನೈ ಮಾಡುವುದು ಪುಸ್ತಕದ ದಾರಿ. ಕಾಯಂ ವಿನಾಯಿತಿಗೆ ಇದು ಸರಿ. ಆದರೆ ಗುಂಪಿಗೆ ಸೇರಿಸಿದ್ದು ಬಳಕೆದಾರ ಮತ್ತೆ ಲಾಗಿನ್ ಆದ ಮೇಲೆ, ಕಂಪ್ಯೂಟರ್ ಆದರೆ ಮರುಚಾಲನೆಯಾದ ಮೇಲೆ ಮಾತ್ರ ಜಾರಿಗೆ ಬರುತ್ತದೆ. ಸಂಜೆ ಏಳಕ್ಕೆ ಯಾರೋ ಬಂದು, ಇವತ್ತು ತಡವಾಗುತ್ತದೆ ಮಾರಾಯರೇ ಎಂದಾಗ ಈ ದಾರಿ ನಿಧಾನ.

ಈ ಊರಿನಲ್ಲಿ ತುರ್ತು ದಾರಿಯೊಂದು ಇರಲೇಬೇಕು. 2005ರ ಜುಲೈ 26ರಂದು ಸಾಂತಾಕ್ರೂಜಿನಲ್ಲಿ ಒಂದೇ ದಿನ 944 ಮಿಲಿಮೀಟರ್ ಮಳೆ ಸುರಿದು, ಎಷ್ಟೋ ಜನ ಕಚೇರಿಗಳಲ್ಲೇ ರಾತ್ರಿ ಕಳೆದರು. ಅಷ್ಟಲ್ಲದಿದ್ದರೂ ಪ್ರತಿ ಮಳೆಗಾಲದಲ್ಲಿ ಹಳಿಗಳ ಮೇಲೆ ನೀರು ನಿಂತು ಲೋಕಲ್ ನಿಲ್ಲುವ ಒಂದೆರಡು ಸಂಜೆಗಳಂತೂ ಬರುತ್ತವೆ. ಅಂಥ ದಿನ ಮನೆಯವರಿಗೆ ಸುದ್ದಿ ಮುಟ್ಟಿಸುತ್ತ ಕೂತವರನ್ನು ಯಂತ್ರ 8:30ಕ್ಕೆ ಹೊರಹಾಕಬಾರದು. ನಾನು ಮಾಡಿಕೊಂಡ ಉಪಾಯ ಸರಳ: ಸರ್ವರಿನ ಒಂದು ಫೋಲ್ಡರಿನಲ್ಲಿ ಆ ದಿನದ ತಾರೀಖಿನ ಹೆಸರಿನ ಖಾಲಿ ಕಡತವಿದ್ದರೆ ಲಿಪಿ ಏನೂ ಮಾಡದೆ ಹಿಂತಿರುಗುತ್ತದೆ. ಆ ಫೋಲ್ಡರಿನಲ್ಲಿ ಬರೆಯುವ ಅನುಮತಿ ನನಗೂ ಹಿರಿಯ ಮ್ಯಾನೇಜರಿಗೂ ಮಾತ್ರ. ಸಿಸ್ಟಮ್ ಖಾತೆ ನೆಟ್‌ವರ್ಕಿನಲ್ಲಿ ಕಂಪ್ಯೂಟರಿನ ಹೆಸರಿನಲ್ಲೇ ಕಾಣಿಸಿಕೊಳ್ಳುವುದರಿಂದ ಡೊಮೇನ್ ಕಂಪ್ಯೂಟರ್ಸ್ ಗುಂಪಿಗೆ ಓದುವ ಅನುಮತಿ ಕೊಡಲು ಮರೆಯಬಾರದು. ತಾರೀಖೇ ಹೆಸರಾದ್ದರಿಂದ ಮರುದಿನ ಅಳಿಸಲು ಮರೆತರೂ ತೊಂದರೆಯಿಲ್ಲ. ಸರ್ವರ್ ಸಿಗದಿದ್ದರೆ ಏನು ಮಾಡಬೇಕೆಂದೂ ಮೊದಲೇ ನಿರ್ಧರಿಸಿ. ನನ್ನ ಲಿಪಿ ಆಗಲೂ ಸುಮ್ಮನಾಗುತ್ತದೆ.

ಏಳನೆಯ ಹಂತ: ನಿಜಕ್ಕೂ ನಡೆಯಿತೇ

ಮೊದಲ ವಾರ ನಿಮ್ಮ ಯಂತ್ರ ಮತ್ತು ಒಪ್ಪಿಕೊಂಡ ಇಬ್ಬರ ಯಂತ್ರಗಳಲ್ಲಿ ಮಾತ್ರ ಓಡಿಸಿ. ವಿಂಡೋಸಿನ ಇವೆಂಟ್ ವ್ಯೂವರ್‌ನಲ್ಲಿರುವ ಸೆಕ್ಯುರಿಟಿ ದಾಖಲೆಯ (ಲಾಗ್) ಘಟನೆ ಸಂಖ್ಯೆಗಳನ್ನು ನೋಡಿ: 4624 ಲಾಗಿನ್, 4634 ಲಾಗ್ ಆಫ್, 4647 ಬಳಕೆದಾರ ತಾನೇ ಮಾಡಿದ ಲಾಗ್ ಆಫ್, 4625 ವಿಫಲ ಪ್ರಯತ್ನ. ಹೊತ್ತು ಮೀರಿ ಬಂದವನದಾದರೆ 4625ರ ಕಾರಣದ ಸಾಲಿನಲ್ಲೇ ವೇಳೆಯ ನಿರ್ಬಂಧವೆಂದು ಇರುತ್ತದೆ. ಈ ದಾಖಲೆಗಳನ್ನು ನೋಡಿದ ಕೂಡಲೇ ಕೆಲವು ಮ್ಯಾನೇಜರುಗಳಿಗೆ ಇದನ್ನೇ ಹಾಜರಿ ಪುಸ್ತಕ ಮಾಡುವ ಆಸೆ ಹುಟ್ಟುತ್ತದೆ. ನಾನು ಒಪ್ಪಲಿಲ್ಲ, ಯಂತ್ರ ಹಚ್ಚಿದ್ದಕ್ಕೂ ಕೆಲಸ ಮಾಡಿದ್ದಕ್ಕೂ ಸಂಬಂಧವಿಲ್ಲವೆಂದು ತೋರಿಸಿದ ಮೇಲೆಯೇ ಅಲ್ಲವೇ ನಾವು ಈ ಕೆಲಸಕ್ಕೆ ಇಳಿದದ್ದು?

ಬ್ಯಾಕಪ್ಪಿಗೆ ಮುನ್ನ, 9:30ರ ಹೊತ್ತಿಗೆ, ಫೈಲ್ ಸರ್ವರಿನ ಕಂಪ್ಯೂಟರ್ ಮ್ಯಾನೇಜ್‌ಮೆಂಟಿನಲ್ಲಿ ಶೇರ್ಡ್ ಫೋಲ್ಡರ್ಸ್ ಅಡಿಯ ಓಪನ್ ಫೈಲ್ಸ್ ಪಟ್ಟಿಯನ್ನು ನೋಡಿ. ಇನ್ನೂ ತೆರೆದಿರುವ ಕಡತದ ಎದುರು ಯಾರ ಹೆಸರಿದೆಯೋ ಅವರ ಯಂತ್ರಕ್ಕೆ ಪಾಲಿಸಿ ತಲುಪಿಲ್ಲ, ಅಥವಾ ಅವರು ವಿನಾಯಿತಿಯಲ್ಲಿದ್ದಾರೆ.

ಯಂತ್ರಗಳ ಗಡಿಯಾರಗಳನ್ನೂ ಒಮ್ಮೆ ಪರೀಕ್ಷಿಸಬೇಕು. ಡೊಮೇನಿನಲ್ಲಿ ಲಾಗಿನ್ ಪರಿಶೀಲಿಸುವ ಕೆರ್ಬೆರೋಸ್ ವ್ಯವಸ್ಥೆ ಸಾಮಾನ್ಯವಾಗಿ 5 ನಿಮಿಷದ ವ್ಯತ್ಯಾಸವನ್ನಷ್ಟೇ ಸಹಿಸುವುದರಿಂದ ದೊಡ್ಡ ತಪ್ಪು ಬೇಗ ಗೊತ್ತಾಗುತ್ತದೆ.

ರಿಮೋಟ್ ಡೆಸ್ಕ್‌ಟಾಪ್ ಸರ್ವರ್, ಡೊಮೇನ್ ಇಲ್ಲದ ಕಚೇರಿ, ಲಿನಕ್ಸ್

ಎಲ್ಲರೂ ಒಂದೇ ರಿಮೋಟ್ ಡೆಸ್ಕ್‌ಟಾಪ್ ಸರ್ವರಿನಲ್ಲಿ ಕೆಲಸ ಮಾಡುವವರಾದರೆ ಲಿಪಿಯ ಅಗತ್ಯವೇ ಕಡಿಮೆ. ಸೆಷನ್ ಟೈಮ್ ಲಿಮಿಟ್ಸ್ ಎಂಬಲ್ಲಿ ಸುಮ್ಮನಿರುವ ಸೆಷನ್ನಿಗೂ ಡಿಸ್ಕನೆಕ್ಟ್ ಆದ ಸೆಷನ್ನಿಗೂ ಬೇರೆ ಬೇರೆ ಮಿತಿ ಹಾಕಬಹುದು. ಸುಮ್ಮನಿರುವ ಮಿತಿ ಮುಗಿದಾಗ ಸೆಷನ್ ಡಿಸ್ಕನೆಕ್ಟ್ ಆಗಿ ಉಳಿಯುತ್ತದೆ. ಪೂರ್ತಿ ಮುಗಿಯಬೇಕಾದರೆ ‘ಎಂಡ್ ಸೆಷನ್ ವೆನ್ ಟೈಮ್ ಲಿಮಿಟ್ಸ್ ಆರ್ ರೀಚ್ಡ್’ ಎಂಬುದನ್ನೂ ಎನೇಬಲ್ ಮಾಡಬೇಕು.

ಐದಾರು ಯಂತ್ರಗಳ, ಡೊಮೇನ್ ಇಲ್ಲದ ಕಚೇರಿಯಲ್ಲಿ ನೆಟ್ ಯೂಸರ್ ಆದೇಶದ ಟೈಮ್ಸ್ ಸೂಚನೆಯಿಂದ ಪ್ರತಿ ಯಂತ್ರದ ಖಾತೆಗೂ ವೇಳೆ ನಿಗದಿಪಡಿಸಬಹುದು, ಪೂರ್ಣ ಗಂಟೆಗಳಲ್ಲಿ ಮಾತ್ರ. ಹೊರಹಾಕಲು ಅದೇ ಟಾಸ್ಕ್ ಶೆಡ್ಯೂಲರ್, ಒಂದೊಂದೇ ಯಂತ್ರದಲ್ಲಿ ಕೂತು ಬರೆಯಬೇಕು. ವಿಂಡೋಸಿನ ಹೋಮ್ ಆವೃತ್ತಿಯಲ್ಲಿ ಕ್ವೆರಿ ಯೂಸರ್, ಎಂಎಸ್‌ಜಿ ಆದೇಶಗಳು ಇರುವುದಿಲ್ಲವಾದ್ದರಿಂದ ಅಂಥ ಯಂತ್ರಗಳಿಗೆ ಶಟ್‌ಡೌನ್ ಆದೇಶವೇ ಗತಿ.

ಲಿನಕ್ಸಿನಲ್ಲಿ ಪ್ಯಾಮ್-ಟೈಮ್ ಎಂಬ ಘಟಕ ವೇಳೆಯ ನಿರ್ಬಂಧ ಹಾಕುತ್ತದೆ, ಮತ್ತು ವಿಂಡೋಸಿನ ಕೋಷ್ಟಕದಂತೆಯೇ ಅದೂ ಒಳಬರುವವರನ್ನು ಮಾತ್ರ ತಡೆಯುತ್ತದೆ. ಒಳಗಿದ್ದವರನ್ನು ಕಳಿಸಲು ಕ್ರಾನ್ (ಲಿನಕ್ಸಿನ ಟಾಸ್ಕ್ ಶೆಡ್ಯೂಲರ್) ಕೆಲಸವೊಂದರಿಂದ ಲಾಗಿನ್‌ಸಿಟಿಎಲ್ ಆದೇಶದ ಟರ್ಮಿನೇಟ್ ಯೂಸರ್ ಸೂಚನೆಯನ್ನು ಬಳಸಬೇಕು, ಅದಕ್ಕೆ ಕಾಲು ಗಂಟೆ ಮೊದಲು ವಾಲ್ ಆದೇಶದಿಂದ ಟರ್ಮಿನಲ್ಲುಗಳಿಗೆ ಒಂದು ಸಾಲು ಕಳಿಸಬೇಕು.